ಕೆರೆಯಿಂದ 30 ಮೀಟರ್: ಕೋಡ್ ಬರೆದು ನಕ್ಷೆ ಅಳೆಯುವುದು ಹೇಗೆ?

ಬೆಂಗಳೂರಿನಲ್ಲಿ ಸೈಟು, ಫ್ಲಾಟು ಕೊಳ್ಳಲು ಹೊರಟವರು ಈಗ ಖಾತೆ, ಕಾವೇರಿ ನೀರು, ಪಾರ್ಕಿಂಗ್ ಜೊತೆಗೆ ಇನ್ನೊಂದು ಮಾತನ್ನೂ ಕೇಳುತ್ತಾರೆ: ‘ಇದು ಕೆರೆಯ ಬಫರಿನೊಳಗೆ ಬರುತ್ತಾ?’ 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ಮಳೆನೀರು ನುಗ್ಗಿ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಸಾಗಿಸಿದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ. ಕೇಳಿದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಒಂದು ನಕ್ಷೆ ಕಳಿಸುತ್ತಾರೆ. ನೀಲಿ ಕೆರೆ, ಸುತ್ತ ಕೆಂಪು ಪಟ್ಟಿ, ಒಳಗೆ ಸಿಕ್ಕಿಬಿದ್ದ ಒಂದಷ್ಟು ಮನೆಗಳು.

ಇಂಥ ನಕ್ಷೆಗಳನ್ನು ಈಗ ಕೈಯಲ್ಲಿ ಬಿಡಿಸುವವರು ಕಡಿಮೆ. ಹೆಚ್ಚಿನವು ಹತ್ತಿಪ್ಪತ್ತು ಸಾಲಿನ ಕೋಡ್‌ನಿಂದ ಬರುತ್ತವೆ. ಆ ಕೋಡ್ ಕಲಿಯುವುದು ಎಷ್ಟು ಕಷ್ಟ? ಜನ ಅಂದುಕೊಂಡಷ್ಟಿಲ್ಲ. ಕಷ್ಟವೆಲ್ಲ ಕೋಡ್‌ನ ಆಚೆ ಇದೆ. ಯಾವ ಅಳತೆಯಲ್ಲಿ ಅಳೆದೆವು, ಯಾವ ಗೆರೆಯಿಂದ ಅಳೆದೆವು ಎನ್ನುವಲ್ಲಿ ಇದೆ.

ಮೊದಲು ಬಫರ್ ಎಂದರೇನು ನೋಡೋಣ. ಕೆರೆ ಅಥವಾ ರಾಜಕಾಲುವೆಯ ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ ಪಟ್ಟಿಗೆ ಬಫರ್ ಎನ್ನುತ್ತಾರೆ. ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015’ ಕೆರೆಗೆ 30 ಮೀಟರ್ ಇಟ್ಟಿತ್ತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಇತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಿಯಮ ಮುಂದೆಯೂ ಬದಲಾಗಬಹುದು. ಹಾಗಾಗಿ ಈ ಲೇಖನದಲ್ಲಿ ‘30’ ಎನ್ನುವುದು ಲೆಕ್ಕಕ್ಕೆ ಹಿಡಿದ ಒಂದು ಅಂಕಿ ಅಷ್ಟೇ.

ನಕ್ಷೆಯೊಳಗೆ ಇರುವುದೇನು?

ಕಂಪ್ಯೂಟರಿಗೆ ನಕ್ಷೆ ಒಂದು ಚಿತ್ರವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಂಕಿಗಳ ಪಟ್ಟಿ. ಈ ಪಟ್ಟಿ ಎರಡು ಬಗೆಯದು.

ಮೊದಲನೆಯದು ವೆಕ್ಟರ್. ಇದರಲ್ಲಿ ಬೋರ್‌ವೆಲ್ ಒಂದು ಬಿಂದು. ರಾಜಕಾಲುವೆ ಒಂದು ಗೆರೆ, ಅಂದರೆ ಸಾಲಾಗಿ ಜೋಡಿಸಿದ ಬಿಂದುಗಳು. ಕೆರೆ ಒಂದು ಪಾಲಿಗನ್, ಅಂದರೆ ಹೊರಟಲ್ಲಿಗೇ ಬಂದು ಮುಗಿಯುವ ಗೆರೆ. ಪ್ರತಿಯೊಂದಕ್ಕೂ ಜೊತೆಯಲ್ಲಿ ಒಂದು ಸಾಲು ಮಾಹಿತಿ ಇರುತ್ತದೆ: ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಇತ್ಯಾದಿ. ಎಕ್ಸೆಲ್ ಹಾಳೆಗೆ ‘ಆಕಾರ’ ಎಂಬ ಇನ್ನೊಂದು ಕಾಲಂ ಸೇರಿಸಿದರೆ ಏನಾಗುತ್ತದೋ ಅದೇ ವೆಕ್ಟರ್ ನಕ್ಷೆ.

ಎರಡನೆಯದು ರಾಸ್ಟರ್. ನೆಲವನ್ನು ಸಮನಾದ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಅಂಕಿ ಕೊಡುವುದು. ಉಪಗ್ರಹದ ಚಿತ್ರಗಳು ಹೀಗೇ ಇರುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಅತಿ ಚಿಕ್ಕ ಚೌಕ 10 ಮೀಟರ್ ಅಗಲದ್ದು. ಅಮೆರಿಕದ ಲ್ಯಾಂಡ್‌ಸ್ಯಾಟ್‌ನಲ್ಲಿ ಸಾಮಾನ್ಯವಾಗಿ 30 ಮೀಟರ್. ಎರಡೂ ಉಚಿತ. ಲ್ಯಾಂಡ್‌ಸ್ಯಾಟ್ ಸರಣಿ 1972ರಲ್ಲೇ ಶುರುವಾದದ್ದರಿಂದ ಹಳೆಯ ಕೆರೆಗಳನ್ನು ಹುಡುಕುವವರಿಗೆ ಅದು ಭಾರಿ ಬೆಲೆಬಾಳುವ ದಾಖಲೆ.

ಈ ಎರಡನ್ನೂ ತೆರೆದು, ಒಂದರ ಮೇಲೊಂದು ಇಟ್ಟು, ಪ್ರಶ್ನೆ ಕೇಳಲು ಬಳಸುವ ವ್ಯವಸ್ಥೆಗೆ ಜಿಐಎಸ್ ಎನ್ನುತ್ತಾರೆ. ಕ್ಯೂಜಿಐಎಸ್ ಎಂಬುದು ಇದಕ್ಕಾಗಿ ಇರುವ ಉಚಿತ ಸಾಫ್ಟ್‌ವೇರ್. 2002ರಲ್ಲಿ ಶುರುವಾದ ಯೋಜನೆ. ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಮೌಸ್ ಇರುವಾಗ ಕೋಡ್ ಏಕೆ?

ಒಂದು ಕೆರೆ, ಒಂದು ಬಫರ್ ಸಾಕು ಅನ್ನುವುದಾದರೆ ಕೋಡ್ ಬೇಕಿಲ್ಲ. ಕ್ಯೂಜಿಐಎಸ್‌ನಲ್ಲಿ ನಾಲ್ಕು ಕ್ಲಿಕ್ ಸಾಕು. ಸುಮ್ನೆ ಕೋಡ್ ಕಲಿಯಲು ಹೋಗಿ ತಲೆ ಕೆಡಿಸಿಕೊಳ್ಳುವುದೇಕೆ, ಅಲ್ವಾ?

ಕೆಲಸ ಮರುಕಳಿಸಿದಾಗ ಲೆಕ್ಕ ಬದಲಾಗುತ್ತದೆ. ಬೆಂಗಳೂರಿನ ವಾರ್ಡುಗಳನ್ನೇ ನೋಡಿ. ಬಹಳ ವರ್ಷ 198 ವಾರ್ಡುಗಳಿದ್ದವು. 2022ರಲ್ಲಿ ಅದು 243 ಆಯಿತು. 2023ರಲ್ಲಿ 225. ಆಮೇಲೆ 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ‘ಪ್ರತಿ ವಾರ್ಡಿನಲ್ಲಿ ಕೆರೆಯ ಬಫರಿನೊಳಗೆ ಎಷ್ಟು ಕಟ್ಟಡಗಳಿವೆ?’ ಎಂದು ಮೌಸ್ ಹಿಡಿದು ಎಣಿಸಿದವರು ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕು. ಕೋಡ್ ಬರೆದಿಟ್ಟವರು ಹೊಸ ವಾರ್ಡುಗಳ ಫೈಲ್ ಹೆಸರು ಬದಲಿಸಿ ಮತ್ತೆ ಓಡಿಸಿದರೆ ಮುಗಿಯಿತು. 30 ಮೀಟರ್ ಹೋಗಿ 75 ಆದರೂ ಬದಲಾಗುವುದು ಒಂದೇ ಅಂಕಿ.

ಇನ್ನೊಂದು ಲಾಭವಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಮೌಸ್‌ನಿಂದ ಮಾಡಿದ ಕೆಲಸದ ಜಾಡು ಉಳಿಯುವುದು ಅಪರೂಪ. ಕೋಡ್‌ನಲ್ಲಿ ಪ್ರತಿ ಹೆಜ್ಜೆಯೂ ಬರಹದಲ್ಲಿ ಇರುತ್ತದೆ. ವಾಟ್ಸ್‌ಆ್ಯಪ್ ನಕ್ಷೆ ನೋಡಿ ‘ಎಲ್ಲಿಂದ ಅಳೆದಿರಿ?’ ಎಂದು ಕೇಳಿದರೆ ಉತ್ತರ ಕೊಡಲು ಆಗುವುದು ಕೋಡ್ ಬರೆದವರಿಗೆ ಮಾತ್ರ.

ಆರು ಸಾಲಿನ ಲೆಕ್ಕ

ನಕ್ಷೆಯ ಕೆಲಸಕ್ಕೆ ಈಗ ಜಾಸ್ತಿ ಬಳಕೆಯಲ್ಲಿರುವ ಭಾಷೆ ಪೈಥಾನ್. ಅದರಲ್ಲಿ ಜಿಯೋಪಾಂಡಾಸ್ ಎಂಬ ಲೈಬ್ರರಿ ಇದೆ. ಲೈಬ್ರರಿ ಎಂದರೆ ಬೇರೆಯವರು ಮೊದಲೇ ಬರೆದು ಹಂಚಿದ ಕೋಡ್‌ನ ಕಟ್ಟು. ನಮ್ಮ ಕೆರೆಯ ಪ್ರಶ್ನೆಗೆ ಅದರಲ್ಲಿ ಬರೆಯುವ ಕೋಡ್‌ನ ತಾತ್ಪರ್ಯ ಇಷ್ಟು:

ಕೆರೆಗಳ ಫೈಲ್ ತೆರೆ.
ಕಟ್ಟಡಗಳ ಫೈಲ್ ತೆರೆ.
ಎರಡನ್ನೂ ಮೀಟರ್ ಅಳತೆಗೆ ತಾ.
ಕೆರೆಗಳ ಸುತ್ತ 30 ಮೀಟರ್ ಬಫರ್ ಎಳೆ.
ಬಫರಿಗೆ ತಾಗುವ ಕಟ್ಟಡಗಳನ್ನು ಆರಿಸು.
ಆರಿಸಿದ್ದನ್ನು ಹೊಸ ಫೈಲ್ ಆಗಿ ಉಳಿಸು.

ಪೈಥಾನ್‌ನಲ್ಲೂ ಇದು ಹೆಚ್ಚುಕಡಿಮೆ ಇಷ್ಟೇ ಸಾಲು. ಆದರೆ ಐದನೇ ಸಾಲಿನಲ್ಲಿ ಒಂದು ಸಣ್ಣ ತಿರುವಿದೆ. ‘ತಾಗುವ’ ಎಂದು ಕೇಳಿದರೆ ಮನೆಯ ಒಂದು ಮೂಲೆ ಬಫರಿಗೆ ತಗುಲಿದರೂ ಅದು ಲೆಕ್ಕಕ್ಕೆ ಬರುತ್ತದೆ. ‘ಪೂರ್ತಿ ಒಳಗಿರುವ’ ಎಂದು ಕೇಳಿದರೆ ಅದೇ ಮನೆ ಬಿಟ್ಟುಹೋಗುತ್ತದೆ. ಎರಡು ಕೆರೆಗಳ ಬಫರಿಗೂ ತಾಗುವ ಮನೆ ಪಟ್ಟಿಯಲ್ಲಿ ಎರಡು ಸಲ ಬರಬಹುದು. ಪತ್ರಿಕೆಯಲ್ಲಿ ‘ಬಫರಿನಲ್ಲಿ ಇಷ್ಟು ಸಾವಿರ ಕಟ್ಟಡ’ ಎಂದು ಓದಿದಾಗ, ಇಬ್ಬರು ಎರಡು ಬೇರೆ ಅಂಕಿ ಹೇಳಿದಾಗ, ವ್ಯತ್ಯಾಸ ಹುಟ್ಟಿದ್ದು ಎಷ್ಟೋ ಸಲ ಇಂಥ ಒಂದು ಪದದಲ್ಲಿ.

ಲಕ್ಷಗಟ್ಟಲೆ ಕಟ್ಟಡಗಳನ್ನು ನೂರಾರು ಕೆರೆಗಳ ಜೊತೆ ಒಂದೊಂದಾಗಿ ಹೋಲಿಸಿದರೆ ಗಂಟೆಗಟ್ಟಲೆ ಹಿಡಿಯಬೇಕು. ಆದರೂ ಉತ್ತರ ಸೆಕೆಂಡುಗಳಲ್ಲಿ ಬರುತ್ತದೆ. ಕಾರಣ, ಸಾಫ್ಟ್‌ವೇರ್ ಮೊದಲೇ ಎಲ್ಲ ಆಕಾರಗಳನ್ನೂ ಪ್ರದೇಶವಾರು ಗುಂಪು ಮಾಡಿಟ್ಟಿರುತ್ತದೆ. ಅಂಚೆಯವರು ಕಾಗದದ ಮೇಲೆ ಮೊದಲು ಪಿನ್‌ಕೋಡ್ ನೋಡಿ, ಆಮೇಲೆ ಬೀದಿ, ಕೊನೆಗೆ ಮನೆ ನಂಬರ್ ನೋಡುವ ಹಾಗೆ. ವರ್ತೂರಿನ ಕೆರೆಗೆ ಯಲಹಂಕದ ಮನೆಗಳನ್ನು ತೋರಿಸುವ ಗೋಜಿಗೇ ಅದು ಹೋಗುವುದಿಲ್ಲ. ಇದಕ್ಕೆ ಸ್ಪೇಷಿಯಲ್ ಇಂಡೆಕ್ಸ್ ಎನ್ನುತ್ತಾರೆ.

ಡಿಗ್ರಿ, ಮೀಟರ್ ಮತ್ತು ಸಮುದ್ರಕ್ಕೆ ಬಿದ್ದ ಕೋಲಾರ

ಮೂರನೇ ಸಾಲಿಗೆ ವಾಪಸ್ ಬರೋಣ. ಹೊಸಬರು ಬಿಟ್ಟುಬಿಡುವುದು ಇದನ್ನೇ. ಈ ವಿದ್ಯೆಯ ಅರ್ಧ ಭಾಗ ಇರುವುದೂ ಇದರಲ್ಲೇ.

ಫೋನಿನ ಜಿಪಿಎಸ್ ಬೆಂಗಳೂರನ್ನು 12.97 ಉತ್ತರ, 77.59 ಪೂರ್ವ ಎಂದು ತೋರಿಸುತ್ತದೆ. ಇವು ಡಿಗ್ರಿಗಳು, ಅಂದರೆ ಕೋನಗಳು. ಭೂಮಿ ಉರುಟಾಗಿರುವುದರಿಂದ ಜಾಗ ಹೇಳಲು ಕೋನ ಅನುಕೂಲ. ದೂರ ಅಳೆಯಲು ಮಾತ್ರ ಅದು ಅನುಕೂಲವಲ್ಲ. ಬೆಂಗಳೂರಿನಲ್ಲಿ ಪೂರ್ವಕ್ಕೆ ಒಂದು ಡಿಗ್ರಿ ಹೋದರೆ ಸುಮಾರು 108 ಕಿಲೋಮೀಟರ್. ಉತ್ತರಕ್ಕೆ ಒಂದು ಡಿಗ್ರಿ ಹೋದರೆ ಸುಮಾರು 111. ಧ್ರುವದ ಕಡೆ ಹೋದಷ್ಟೂ ಮೊದಲನೆಯದು ಕುಗ್ಗುತ್ತದೆ.

ಈಗ ಡಿಗ್ರಿಯಲ್ಲಿರುವ ಬೆಳ್ಳಂದೂರು ಕೆರೆಗೆ ‘30ರ ಬಫರ್ ಎಳೆ’ ಎಂದರೆ? ಕಂಪ್ಯೂಟರ್ 30 ಡಿಗ್ರಿ ಎಳೆಯುತ್ತದೆ. ಪಶ್ಚಿಮಕ್ಕೆ ಅರೇಬಿಯಾದ ಒಳಗೆ ಹೋಗುತ್ತದೆ, ಪೂರ್ವಕ್ಕೆ ವಿಯೆಟ್ನಾಮ್ ತಲುಪುತ್ತದೆ. ಇಡೀ ಕರ್ನಾಟಕ ಕೆರೆಯ ಬಫರ್! ಜಿಯೋಪಾಂಡಾಸ್ ಒಂದು ಎಚ್ಚರಿಕೆಯ ಸಾಲು ತೋರಿಸುತ್ತದೆ, ಆದರೆ ಲೆಕ್ಕ ನಿಲ್ಲಿಸುವುದಿಲ್ಲ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಪರವಾಗಿಲ್ಲ. ಸಣ್ಣ ತಪ್ಪುಗಳು ಅಪಾಯ.

ಡಿಗ್ರಿಯನ್ನು ಮೀಟರಿಗೆ ತರಲು ಉರುಟು ನೆಲವನ್ನು ಚಪ್ಪಟೆ ಹಾಳೆಗೆ ಇಳಿಸಬೇಕು. ಇದಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಹಾಗೆ ಇಳಿಸುವಾಗ ಎಲ್ಲೋ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಯಾವ ಊರಿಗೆ ಯಾವ ಇಳಿಕೆ ಹೊಂದುತ್ತದೆ ಎಂದು ಆರಿಸಿಕೊಳ್ಳುವುದು ನಮ್ಮ ಕೆಲಸ. ಪ್ರತಿ ಆಯ್ಕೆಗೂ ಇಪಿಎಸ್‌ಜಿ ಎಂಬ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ. ಜಿಪಿಎಸ್‌ನ ಡಿಗ್ರಿಗಳ ಸಂಖ್ಯೆ 4326. ಆನ್‌ಲೈನ್ ನಕ್ಷೆಗಳು ಪರದೆಗೆ ಬಳಸುವುದು 3857.

ಈ 3857ರ ಅಳತೆ ಮೀಟರಿನಲ್ಲೇ ಇದೆ, ಹಾಗಾಗಿ ಸರಿ ಎನಿಸಿಬಿಡುತ್ತದೆ. ಆದರೆ ಸಮಭಾಜಕದಿಂದ ದೂರ ಹೋದಷ್ಟೂ ಅದು ದೂರಗಳನ್ನು ಹಿಗ್ಗಿಸುತ್ತದೆ. ಬೆಂಗಳೂರಿನಲ್ಲಿ ಶೇ 2.6ರಷ್ಟು. ಬೀದರ್‌ನಲ್ಲಿ ಸುಮಾರು ಶೇ 5. ದೆಹಲಿಯಲ್ಲಿ ಶೇ 14ರ ಹತ್ತಿರ. ಅಂದರೆ ಅದರಲ್ಲಿ 75 ಮೀಟರ್ ಎಳೆದರೆ ಬೆಂಗಳೂರಿನ ನೆಲದ ಮೇಲೆ ಸಿಗುವುದು 73 ಮೀಟರ್ ಚಿಲ್ಲರೆ. ಎರಡು ಮೀಟರ್ ಏನು ಮಹಾ ಎನ್ನಬಹುದು. ಗೋಡೆ ಆ ಎರಡು ಮೀಟರಿನಲ್ಲೇ ಇದ್ದರೆ?

ಅಳತೆಗೆ ಹೆಚ್ಚಿನವರು ಬಳಸುವುದು ಯುಟಿಎಂ ಎಂಬ ಪ್ರೊಜೆಕ್ಷನ್. ಇದು ಭೂಮಿಯನ್ನು ಆರಾರು ಡಿಗ್ರಿ ಅಗಲದ 60 ವಲಯಗಳಾಗಿ ಸೀಳುತ್ತದೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೇ ವಲಯ. ಕರ್ನಾಟಕದ ಬಹುಭಾಗ, ಬೆಂಗಳೂರೂ ಸೇರಿ, ಇದರಲ್ಲಿದೆ. ಸಂಖ್ಯೆ 32643. ಇದರಲ್ಲಿ ಬೆಂಗಳೂರಿನ 75 ಮೀಟರಿಗೆ ಬರುವ ವ್ಯತ್ಯಾಸ ನಾಲ್ಕೈದು ಸೆಂಟಿಮೀಟರ್. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಆದರೆ ಕೋಲಾರ 78 ಡಿಗ್ರಿಯ ಗೆರೆಯಿಂದ ಸ್ವಲ್ಪ ಪೂರ್ವಕ್ಕಿದೆ. ಅದು 44ನೇ ವಲಯ. ವಲಯಗಳು ಬೇರೆಯಾದರೂ ಅಂಕಿಗಳು ಒಂದೇ ಥರ ಕಾಣುತ್ತವೆ. 44ರಲ್ಲಿ ಬರೆದ ಕೋಲಾರದ ಅಂಕಿಗಳನ್ನು 43 ಎಂದು ಓದಿಸಿದರೆ ಕೋಲಾರ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಜಾರಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಕಂಪ್ಯೂಟರ್ ಚಕಾರವೆತ್ತುವುದಿಲ್ಲ.

ಇದರ ತಮ್ಮ ಇನ್ನೊಂದು ತಪ್ಪು: ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡುವುದು. ಗೂಗಲ್ ಮ್ಯಾಪ್‌ನಲ್ಲಿ ನಕಲು ಮಾಡಿದರೆ ಮೊದಲು ಅಕ್ಷಾಂಶ ಬರುತ್ತದೆ. ಜಿಯೋಜೇಸನ್ ಎಂಬ ವೆಕ್ಟರ್ ನಕ್ಷೆಯ ಫೈಲಿನಲ್ಲಿ ಮೊದಲು ರೇಖಾಂಶ. ತಿರುವುಮುರುವಾದರೆ ಬೆಂಗಳೂರು ನಾರ್ವೆಯ ಉತ್ತರದ ಹಿಮದ್ವೀಪ ಸ್ವಾಲ್ಬಾರ್ಡ್ ಪಕ್ಕ ಹೋಗಿ ಕೂರುತ್ತದೆ.

ಹಳೆಯ ಸರ್ವೆ ನಕ್ಷೆಗಳಿಗೆ ಇನ್ನೂ ಒಂದು ತೊಡಕಿದೆ. ಅವು ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವನ್ನು ಆಧರಿಸಿವೆ. ಜಿಪಿಎಸ್ ಬಳಸುವ ಲೆಕ್ಕ ಬೇರೆ. ಎರಡನ್ನೂ ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಬೆಂಗಳೂರಿನ ಸುತ್ತ ನೂರು ಮೀಟರಿಗೂ ಹೆಚ್ಚು ಸರಿದು ಕೂರಬಹುದು. 30 ಮೀಟರ್ ಬಫರಿನ ಚರ್ಚೆಯಲ್ಲಿ ನೂರು ಮೀಟರ್ ಆಚೀಚೆ!

ಕೆರೆ ಎಲ್ಲಿ ಮುಗಿಯುತ್ತದೆ?

ಅಳತೆ ಸರಿಯಾಯಿತು ಎನ್ನೋಣ. ಎಲ್ಲಿಂದ ಅಳೆಯುವುದು? ಈ ಪ್ರಶ್ನೆಗೆ ಯಾವ ಕೋಡೂ ಉತ್ತರ ಕೊಡುವುದಿಲ್ಲ.

ಉಪಗ್ರಹದ ಚಿತ್ರದಿಂದ ನೀರನ್ನು ಹುಡುಕುವ ಒಂದು ಸರಳ ಲೆಕ್ಕವಿದೆ. ನೀರು ಹಸಿರು ಬೆಳಕನ್ನು ಸ್ವಲ್ಪ ತಿರುಗಿಸಿ ಕಳಿಸುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಆದ್ದರಿಂದ ಹಸಿರಿನಿಂದ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ, ನೀರಿರುವ ಚೌಕಗಳಲ್ಲಿ ಉತ್ತರ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆ ಬರುತ್ತದೆ. ಎನ್‌ಡಿಡಬ್ಲ್ಯುಐ ಎಂಬ ಈ ಸೂತ್ರ 1996ರದು. ಕೋಡ್‌ನಲ್ಲಿ ಒಂದೇ ಸಾಲು.

ಇದನ್ನು ಬೆಳ್ಳಂದೂರಿಗೋ ವರ್ತೂರಿಗೋ ಹಚ್ಚಿ ನೋಡಿ. ಅಂತರಗಂಗೆ, ಜೊಂಡು ಮುಚ್ಚಿಕೊಂಡ ತಿಂಗಳುಗಳಲ್ಲಿ ಕೆರೆಯ ದೊಡ್ಡ ಭಾಗ ಮಾಯವಾಗುತ್ತದೆ. ಗಿಡದ ಎಲೆ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ತಿರುಗಿಸುತ್ತದೆ. ಸೂತ್ರಕ್ಕೆ ಅದು ಹೊಲದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಒಣಗುವ ಕೆರೆಗಳ ಕಥೆಯೂ ಇದೇ. ‘ಕೆರೆ ಕುಗ್ಗಿದೆ’ ಎಂಬ ನಕ್ಷೆ ನೋಡಿದರೆ ಅದು ಯಾವ ತಿಂಗಳ ಚಿತ್ರ ಎಂದು ಮೊದಲು ಕೇಳಬೇಕು. ಜೊತೆಗೆ 30 ಮೀಟರ್ ಎಂದರೆ ಸೆಂಟಿನೆಲ್‌ನ ಮೂರೇ ಮೂರು ಚೌಕ. ಮನೆ ಒಳಗೋ ಹೊರಗೋ ಎಂದು ತೀರ್ಮಾನಿಸಲು ಅದು ತೀರಾ ಒರಟು.

ಕಾನೂನಿಗೆ ಬೇಕಿರುವುದು ನೀರಿನ ಅಂಚೂ ಅಲ್ಲ. ಕಂದಾಯ ದಾಖಲೆಯಲ್ಲಿ ಕೆರೆ ಎಂದು ಗುರುತಿಸಿದ ಸರ್ವೆ ನಂಬರಿನ ಗಡಿ. ಅದು ಗ್ರಾಮ ನಕ್ಷೆಯಲ್ಲಿದೆ. ಹಳೆಯ ಮೈಸೂರು ಭಾಗದ ಗ್ರಾಮ ನಕ್ಷೆಗಳು ಹೆಚ್ಚಾಗಿ ಒಂದು ಇಂಚಿಗೆ 660 ಅಡಿಯ ಲೆಕ್ಕದವು, ಅಂದರೆ 1ಕ್ಕೆ 7,920. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯೇ 4 ಮೀಟರ್ ಅಗಲ! ಅದನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ಮಾಡಿದಾಗ ಗೆರೆ ಸಪೂರವಾಗುತ್ತದೆ. ಪರದೆಯಲ್ಲಿ ಎಷ್ಟು ಹಿಗ್ಗಿಸಿದರೂ ಚೂಪಾಗಿಯೇ ಕಾಣುತ್ತದೆ. ನಿಖರತೆ ಮಾತ್ರ ಹಳೆಯ ಶಾಯಿಯದೇ.

ಕರ್ನಾಟಕದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುವುದು ಇಂಥ ಡಿಜಿಟಲ್ ಗ್ರಾಮ ನಕ್ಷೆಗಳ ಮೇಲೆಯೇ. ಅದಕ್ಕೆ ಫೋನಿನ ಜಿಪಿಎಸ್‌ನ ತಪ್ಪನ್ನೂ ಸೇರಿಸಿಕೊಳ್ಳಿ. ತೆರೆದ ಬಯಲಿನಲ್ಲೇ ಅದು ಸುಮಾರು 5 ಮೀಟರ್. ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಜಾಗದ ಬಗ್ಗೆ ಅಂದಾಜು ಮಾಡಲು ಇದು ಒಳ್ಳೆಯ ಸಾಧನ. ಗಡಿಯ ಜಗಳ ಬಗೆಹರಿಸಲು ಸರ್ವೆಯರ್ ಬಂದು ಅಳೆಯಲೇಬೇಕು.

ರಾಜಕಾಲುವೆಗಂತೂ ಇನ್ನೊಂದು ಪ್ರಶ್ನೆ ಇದೆ: ನಡುವಿನಿಂದ ಅಳೆಯಬೇಕೋ, ಅಂಚಿನಿಂದಲೋ? ನಡುವಿನಿಂದ ಎಂದರೆ ಗೆರೆಯ ಫೈಲ್ ಸಾಕು. ಅಂಚಿನಿಂದ ಎಂದರೆ ಕಾಲುವೆಯ ಅಗಲ ಗೊತ್ತಿರುವ ಪಾಲಿಗನ್ ಬೇಕು. ಕಾನೂನಿನ ಒಂದು ಪದಕ್ಕೆ ತಕ್ಕಂತೆ ಡೇಟಾವೇ ಬದಲಾಗುತ್ತದೆ.

ಎಲ್ಲಿಂದ ಶುರು ಮಾಡುವುದು?

ಮೊದಲೇ ಕೋಡ್‌ಗೆ ಹಾರಬೇಡಿ. ಒಂದು ವಾರ ಕ್ಯೂಜಿಐಎಸ್ ಜೊತೆ ಆಡಿ. ಅದರ ಪ್ರತಿ ಸಾಧನದ ಕಿಟಕಿಯಲ್ಲೂ, ಅಡ್ವಾನ್ಸ್‌ಡ್ ಎಂಬ ಗುಂಡಿಯ ಕೆಳಗೆ, ಆ ಕೆಲಸವನ್ನು ಪೈಥಾನ್ ಆಜ್ಞೆಯಾಗಿ ನಕಲು ಮಾಡುವ ಆಯ್ಕೆ ಇದೆ. ಮೌಸ್‌ನಲ್ಲಿ ಬಫರ್ ಎಳೆಯಿರಿ, ಆಜ್ಞೆ ನಕಲು ಮಾಡಿ, ಅದೇ ಸಾಫ್ಟ್‌ವೇರ್‌ನ ಪೈಥಾನ್ ಕನ್ಸೋಲ್‌ನಲ್ಲಿ ಅಂಟಿಸಿ, 30 ಇದ್ದಲ್ಲಿ 50 ಬರೆದು ಓಡಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ಮೊದಲ ಪಾಠ ಇಲ್ಲ.

ಆಮೇಲೆ ಪೈಥಾನ್‌ನ ಮೂಲಪಾಠ: ವೇರಿಯಬಲ್, ಲಿಸ್ಟ್, ಲೂಪ್, ಫಂಕ್ಷನ್. ಇಷ್ಟು ಬಂದರೆ ಕೋಷ್ಟಕಗಳಿಗೆ ಪಾಂಡಾಸ್, ಅಲ್ಲಿಂದ ಜಿಯೋಪಾಂಡಾಸ್. ವಿಂಡೋಸ್‌ನಲ್ಲಿ ಇವನ್ನು ಇನ್‌ಸ್ಟಾಲ್ ಮಾಡುವಾಗ ತಲೆನೋವು ಬಂದರೆ ಗೂಗಲ್ ಕೋಲ್ಯಾಬ್ ಬಳಸಿ, ಬ್ರೌಸರಿನಲ್ಲೇ ಓಡುತ್ತದೆ. ಉಪಗ್ರಹ ಚಿತ್ರಗಳಿಗೆ ರಾಸ್ಟೀರಿಯೊ ಅಥವಾ ಗೂಗಲ್ ಅರ್ಥ್ ಎಂಜಿನ್. ವೆಬ್‌ಸೈಟಿನಲ್ಲಿ ನಕ್ಷೆ ತೋರಿಸಲು ಲೀಫ್‌ಲೆಟ್. ಸಂಖ್ಯಾಶಾಸ್ತ್ರದವರು ಆರ್ ಭಾಷೆಯಲ್ಲೇ ಇದನ್ನೆಲ್ಲ ಮಾಡುತ್ತಾರೆ. ಎಲ್ಲವನ್ನೂ ಕಲಿಯುವ ಅಗತ್ಯವಿಲ್ಲ.

ಕೋರ್ಸ್ ಬೇಕೆನ್ನುವವರಿಗೆ ಇಸ್ರೋದ ಅಂಗವಾದ ಡೆಹ್ರಾಡೂನ್‌ನ ಐಐಆರ್‌ಎಸ್ ಆನ್‌ಲೈನ್‌ನಲ್ಲಿ ಉಚಿತ ಪಾಠಗಳನ್ನು ನಡೆಸುತ್ತದೆ. ಡೇಟಾಗೆ ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, ಇಸ್ರೋದ ನಕ್ಷೆಗಳ ತಾಣ ಭುವನ್ ಇದೆ. ಕಟ್ಟಡಗಳ ಆಕಾರಗಳನ್ನು ಗೂಗಲ್ ಮತ್ತು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತವೆ. ಇವು ಉಪಗ್ರಹ ಚಿತ್ರ ನೋಡಿ ಯಂತ್ರ ಬಿಡಿಸಿದ ಆಕಾರಗಳು. ಒತ್ತೊತ್ತಾಗಿರುವ ನಾಲ್ಕು ಮನೆಗಳನ್ನು ಒಂದೇ ಕಟ್ಟಡ ಎಂದು ತೋರಿಸುವುದುಂಟು.

ಈಗ ಎಐ ಚಾಟ್‌ಬಾಟ್‌ಗಳು ಕೇಳಿದ ಕೂಡಲೇ ಈ ಕೋಡ್ ಬರೆದುಕೊಡುತ್ತವೆ. ಕಲಿಯುವ ಕಷ್ಟ ಅರ್ಧ ಇಳಿದಿದೆ ನಿಜ. ಆದರೆ 3857ರಲ್ಲಿ ಬಫರ್ ಎಳೆದ ಕೋಡ್ ಕೂಡ ತಪ್ಪಿಲ್ಲದೆ ಓಡುತ್ತದೆ, ಚೆಂದದ ನಕ್ಷೆಯನ್ನೇ ಕೊಡುತ್ತದೆ. ಆದ್ದರಿಂದ ಉತ್ತರ ಬಂದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗದ ಉದ್ದವನ್ನು, ಉದಾಹರಣೆಗೆ ಶಾಲೆಯ 100 ಮೀಟರ್ ಓಟದ ಟ್ರ್ಯಾಕನ್ನು, ಅದೇ ಕೋಡ್‌ನಲ್ಲಿ ಅಳೆಯಿರಿ. 103 ಬಂದರೆ ಎಲ್ಲಿ ಹುಡುಕಬೇಕು ಎಂದು ಈಗ ನಿಮಗೆ ಗೊತ್ತು.

ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಯಾಗುವುದೇಕೆ?

ಕನ್ನಡದಲ್ಲಿ ನಕ್ಷೆ ಮಾಡುವವರಿಗೆ ಮಾತ್ರ ಎದುರಾಗುವ ಒಂದು ಕಿರಿಕಿರಿ ಉಂಟು. ಸರ್ಕಾರಿ ಡೇಟಾ ಹೆಚ್ಚಾಗಿ ಸಿಗುವುದು ಶೇಪ್‌ಫೈಲ್ ರೂಪದಲ್ಲಿ. ಹೆಸರು ಒಂದೇ ಆದರೂ ಅದು ಮೂರು ನಾಲ್ಕು ಫೈಲುಗಳ ಗುಂಪು. ಒಂದನ್ನು ಕಳಿಸಿ ಉಳಿದವನ್ನು ಮರೆತರೆ ತೆರೆಯುವುದೇ ಇಲ್ಲ. ಅದರಲ್ಲಿ ಕಾಲಂ ಹೆಸರಿಗೆ ಇರುವುದು 10 ಬೈಟ್ ಜಾಗ. ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ‘ಕೆರೆ’ ಎಂದು ಬರೆಯಲೂ 12 ಬೈಟ್! ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಬರೆದಿದೆ ಎಂದು ಹೇಳುವ ಪುಟ್ಟ ಫೈಲ್ ಕಳೆದುಹೋದರೆ ಊರುಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಅಥವಾ ಗೀಚು. ಇದಕ್ಕೆ ಮದ್ದು ಸುಲಭ. ಫೈಲನ್ನು ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸಿ. ಅದು ಒಂದೇ ಫೈಲ್, ಕನ್ನಡಕ್ಕೆ ಯಾವ ತಕರಾರೂ ಇಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಬೇರೆ ಬೇರೆ ಭಾಷೆಯ ಹೆಸರು ಬರೆಯಲು ಪ್ರತ್ಯೇಕ ಖಾನೆ ಇದೆ. ಕನ್ನಡಕ್ಕೂ ಇದೆ. ಎಷ್ಟೋ ಊರು, ಕೆರೆಗಳ ಕನ್ನಡ ಹೆಸರುಗಳನ್ನು ಆಸಕ್ತರು ಆಗಲೇ ತುಂಬಿದ್ದಾರೆ. ಆ ಖಾನೆ ಖಾಲಿ ಇರುವ ಕೆರೆ ಸಿಕ್ಕರೆ ಒಂದು ಉಚಿತ ಖಾತೆ ತೆರೆದು ನೀವೇ ತುಂಬಬಹುದು. ಮುಂದಿನ ಸಲ ಡೇಟಾ ಇಳಿಸಿಕೊಂಡು ಕೋಡ್ ಓಡಿಸಿದಾಗ ಆ ಹೆಸರು ನಿಮ್ಮ ನಕ್ಷೆಗೂ ಬರುತ್ತದೆ, ಬೇರೆಯವರ ನಕ್ಷೆಗೂ ಬರುತ್ತದೆ.